ಆಣೆ ಗುಮಾಸ್ತನ ನೀರಿನ ಕೂಜ

ಕೋರ್ಟಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನ ಬಾಡಿಗೆ ಕೋಣೆಗೆ ಬಂದು, "ಸಾರ್, ನಿಮ್ಮ ಕಾಲದಲ್ಲಿ ಹೇಗಿತ್ತು?" ಎಂದು ಕೇಳುತ್ತಾರೆ. ಕೇಳುವಾಗ ಅವರ ಒಂದು ಕಣ್ಣು ಗಡಿಯಾರದ ಮೇಲಿರುತ್ತದೆ. ಆದ್ದರಿಂದ ಬರೆದಿಡುವುದೇ ವಾಸಿ ಎನ್ನಿಸಿತು. ಬರಹ ಯಾರ ಬಸ್ಸನ್ನೂ ತಪ್ಪಿಸುವುದಿಲ್ಲ. ನನಗೆ ಯಾವಾಗ ಬಡ್ತಿ ಬಂತು, ಯಾವಾಗ ಬರಬೇಕಾಗಿದ್ದದ್ದು ಬರಲಿಲ್ಲ ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ. ಆಸಕ್ತರು ಗೆದ್ದಲುಗಳ ಅಪ್ಪಣೆ ಪಡೆದು ನೋಡಬಹುದು. ನಾನು ಹೇಳಹೊರಟಿರುವುದು ಈಗ ಕೋರ್ಟಿನಲ್ಲಿ ಇಲ್ಲವೇ ಇಲ್ಲದ ಒಂದು ಕೆಲಸದ ವಿಚಾರ.

ಆಗ ಪ್ರಮಾಣದ ಕಾಯಿದೆಯಲ್ಲಿ ಒಂದು ವಿಚಿತ್ರ ಅನುಕೂಲವಿತ್ತು. ಸಿವಿಲ್ ದಾವೆಯಲ್ಲಿ ಒಬ್ಬ ಕಕ್ಷಿಗಾರ ಎದ್ದುನಿಂತು, "ನನ್ನ ಎದುರಾಳಿ ಇಂಥ ದೇವರ ಮುಂದೆ ಆಣೆಯಿಟ್ಟು ಹೇಳಿಬಿಡಲಿ, ನಾನು ಒಪ್ಪಿಕೊಳ್ತೀನಿ" ಎನ್ನಬಹುದಿತ್ತು. ಎದುರಾಳಿಯೂ ಸೈ ಎಂದರೆ, ಕೋರ್ಟು ಒಬ್ಬ ಕಮಿಷನರನನ್ನು ಆ ದೇವರಿದ್ದ ಕಡೆಗೆ ಕಳಿಸುತ್ತಿತ್ತು. ಅಲ್ಲಿ ಕರ್ಪೂರದ ಮುಂದೆ ಹೇಳಿದ್ದೇ ಕಟ್ಟಕಡೆಯ ಮಾತು. ಅದರ ಮೇಲೆ ಬೇರೆ ಸಾಕ್ಷಿಯಿಲ್ಲ, ವಾದವಿಲ್ಲ.

ಕಮಿಷನರ್ ಎಂದರೆ ಟೋಪಿ ಹಾಕಿದ ದೊರೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಕಿರಿಯ ವಕೀಲರನ್ನು ಕಳಿಸುವುದು ವಾಡಿಕೆ. ನಮ್ಮ ದೊಡ್ಡಬಳ್ಳಾಪುರದ ಮುನ್ಸೀಫ್ ಕೋರ್ಟಿನಲ್ಲಿ ಮಾತ್ರ ಯಾವ ವಕೀಲರೂ ಎರಡನೆಯ ಸಲ ಹೋಗಲು ಒಪ್ಪುತ್ತಿರಲಿಲ್ಲ. ಒಬ್ಬರಿಗೆ ಮನೆಯಲ್ಲಿ ಬಸುರಿ ಹೆಂಡತಿ, ಇನ್ನೊಬ್ಬರಿಗೆ ಹೊಸ ಮನೆಯ ಪಾಯ. ಆಣೆ ಎನ್ನುವುದು ಮಾಡಿದವನಿಗೆ ತಟ್ಟದಿದ್ದರೆ ಮಾಡಿಸಿದವನಿಗೆ ಅಂಟಿಕೊಳ್ಳುತ್ತದೆ ಎಂಬ ನಂಬಿಕೆ ಸುತ್ತಿನ ತಾಲ್ಲೂಕುಗಳಲ್ಲೆಲ್ಲ ಬಲವಾಗಿತ್ತು. ಹೆಂಡತಿಯಾಗಲಿ ಪಾಯವಾಗಲಿ ಇಲ್ಲದವನು ಇಡೀ ಕಚೇರಿಯಲ್ಲಿ ನಾನೊಬ್ಬನೇ. ಹೀಗೆ ಸರ್ವಾನುಮತದಿಂದ ನಾನು ಕಮಿಷನರನಾದೆ. ಊರವರು ಇಟ್ಟ ಹೆಸರು ಆಣೆ ಗುಮಾಸ್ತ.

ಆ ಹೆಸರಿನ ಫಲ ಬೇಗ ಕಾಣಿಸಿತು. ಆಣೆ ಮಾಡಿಸಲು ಬಂದವನಿಗೆ ಹಳ್ಳಿಯಲ್ಲಿ ಯಾರೂ ನೀರು ಕೊಡುತ್ತಿರಲಿಲ್ಲ. ಮರ್ಯಾದೆಗೆ ಕೊರತೆಯಿಲ್ಲ. ಜಗಲಿಯಿಂದ ಎದ್ದುನಿಲ್ಲುತ್ತಿದ್ದರು, ಕೈಮುಗಿಯುತ್ತಿದ್ದರು, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆದ್ದರಿಂದ ತಿರುಗಣೆ ಮುಚ್ಚಳದ ಒಂದು ಹಿತ್ತಾಳೆ ಕೂಜವನ್ನು ಕೊಂಡೆ. ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಕೆಮ್ಮುತ್ತಾ ಹೋಗಿ, ಇಳಿದ ಮೇಲೆ ಕಾಲುದಾರಿ ಹಿಡಿದು, ಯಾವುದಾದರೂ ಹೊಂಗೆಮರದ ಕೆಳಗೆ ಕುಳಿತು ನನ್ನ ನೀರನ್ನು ನಾನೇ ಕುಡಿದು, ನನ್ನ ಅವಲಕ್ಕಿಯನ್ನು ನಾನೇ ತಿಂದು ವಾಪಸ್ಸು ಬರುತ್ತಿದ್ದೆ. ದೊಡ್ಡಬಳ್ಳಾಪುರದ ಮದುವೆಗಳಿಗೂ ನನಗೆ ಕರೆ ಬರುತ್ತಿತ್ತು, ಒಂದು ಸಣ್ಣ ಬಿನ್ನಹದೊಂದಿಗೆ: "ಧಾರೆ ಮುಗಿದ ಮೇಲೆ ನಿಧಾನವಾಗಿ ಬನ್ನಿ, ಆತುರ ಇಲ್ಲ." ನನಗೇ ಹೆಣ್ಣು ಕೊಡುವ ಮಾತು ಒಂದೆರಡು ಕಡೆ ನಡೆಯಿತು. ಹುಡುಗಿಯ ಅಪ್ಪಂದಿರು ನನ್ನ ಉದ್ಯೋಗದ ವಿವರ ಕೇಳಿದರು. ಅಲ್ಲಿಗೆ ನಾನು ಧಾರೆ ಮುಗಿದ ಮೇಲೆ ಬರುವವನಾಗಿಯೇ ಉಳಿದೆ.

ಆಗಿನ ಮುನ್ಸೀಫರು ಹಿರಿಯರು. ಮಧ್ಯಾಹ್ನದ ಮೇಲೆ ಅವರಿಗೆ ಕಣ್ಣು ಎಳೆಯುತ್ತಿತ್ತು. ಆಣೆ ಎಂದರೆ ಅವರಿಗೆ ಬಹಳ ಇಷ್ಟ. "ನಾನು ಎರಡು ವರ್ಷ ತಗೊಳ್ಳೋದನ್ನ ದೇವರು ಅರ್ಧ ಗಂಟೇಲಿ ಮುಗಿಸ್ತಾನೆ ಕಣ್ರೀ. ಅವನ ತೀರ್ಪಿನ ಮೇಲೆ ಅಪೀಲೂ ಇಲ್ಲ" ಎಂದು ನಕ್ಕು ಆರ್ಡರಿಗೆ ರುಜು ಹಾಕುತ್ತಿದ್ದರು.

ಒಮ್ಮೆ ನಾನು ಹೊಸಕೋಟೆ ಕಡೆ ಕೆಲವು ತಿಂಗಳು ನಿಯೋಜನೆಯಲ್ಲಿದ್ದಾಗ ನಂದಗುಡಿ ಹೋಬಳಿಯ ಒಂದು ಹಳ್ಳಿಗೆ ಹೋದೆ. ಬದುವಿನ ಜಗಳ. ಗ್ರಾಮದೇವತೆಯ ಗುಡಿಯಲ್ಲಿ ಆಣೆ ಎಂದು ಆರ್ಡರು. ಹೋಗಿ ನೋಡಿದರೆ ಗುಡಿಯಲ್ಲಿ ಪೀಠವಿದೆ, ದೇವಿಯಿಲ್ಲ. ಪೂಜಾರಿ ತಲೆ ಕೆರೆದುಕೊಂಡು, "ಅಮ್ಮ ನೆಂಟರೂರಿಗೆ ಹೋಗವ್ಳೆ ಸಾಮಿ. ತಂಗಿ ಮನೆ ಜಾತ್ರೆ. ಬರೋದು ಹೇಳಕ್ಕಾಗಲ್ಲ" ಎಂದ. ಪಂಚರ ಸಮಕ್ಷಮ ಮಹಜರು ಮಾಡಿ, 'ದೇವರು ಊರಲ್ಲಿಲ್ಲದ ಕಾರಣ ಕಮಿಷನ್ ಜಾರಿಯಾಗದೆ ವಾಪಸ್ಸು' ಎಂದು ಬರೆದುಕೊಂಡು ಬಂದೆ. ಅಲ್ಲಿನ ಮುನ್ಸೀಫರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ದೇವರಿಗೆ ರಜ ಮಂಜೂರು ಮಾಡಿದವರು ಯಾರು?" ಎಂದು ಕೇಳಿದರು. ಅಂದಿನಿಂದ ನಾನು ಪ್ರತಿ ಆರ್ಡರಿನ ಕರಡಿನಲ್ಲಿ 'ದೇವರು ಎಲ್ಲಿದ್ದರೆ ಅಲ್ಲಿ' ಎಂಬ ಮಾತು ಸೇರಿಸತೊಡಗಿದೆ. ವೃತ್ತಿಯಲ್ಲಿ ನಾನು ಮಾಡಿದ ಏಕೈಕ ಸುಧಾರಣೆ ಇದು. ಅದರ ಪರಿಣಾಮ ಮುಂದೆ ಬರುತ್ತದೆ.

ಇನ್ನೊಂದು ಪ್ರಸಂಗ ನಮ್ಮ ಪೇಟೆಯದೇ. ಬಟ್ಟೆ ವ್ಯಾಪಾರಿ ಸಾಬಜಾನ್ ಸಾಹೇಬರಿಗೂ ಅವರ ನೆರೆಯವನಿಗೂ ಅಂಗಡಿಯ ನಡುಗೋಡೆ ಯಾರದೆಂಬ ವ್ಯಾಜ್ಯ. ಸಾಹೇಬರು ಮಸೀದಿಯಲ್ಲಿ ಕುರಾನ್ ಮುಟ್ಟಿ ಹೇಳಿದರೆ ಗೋಡೆ ಬಿಟ್ಟುಕೊಡುತ್ತೇನೆ ಎಂದು ನೆರೆಯವನು ಸವಾಲು ಹಾಕಿದ. ಗೋಡೆ ಸಾಹೇಬರದೇ. ಅವರ ತಂದೆ ಅದನ್ನು ಕಟ್ಟಿಸಿದ್ದನ್ನು ಪೇಟೆಯ ಮುದುಕರೆಲ್ಲ ನೋಡಿದ್ದರು. ಮಸೀದಿಯ ಮೆಟ್ಟಿಲವರೆಗೆ ಬಂದ ಸಾಹೇಬರು ಅಲ್ಲೇ ನಿಂತುಬಿಟ್ಟರು.

"ನಿಜ ತಾನೇ ಹೇಳೋದು ಸಾಹೇಬರೇ, ಹೆದರಿಕೆ ಯಾಕೆ?" ಎಂದೆ.

"ಸಚ್ಚೀಚ್ ಹೈ ಸಾಬ್. ಆದ್ರೆ ಒಂದು ಗೋಡೆಗೋಸ್ಕರ ಅಲ್ಲಾನ ಕರೆಯೋದು ನಕ್ಕೋ. ಗೋಡೆ ಅವನಿಗೇ ಹೋಗ್ಲಿ ಬಿಡಿ" ಎಂದು ಜೋಡು ಮೆಟ್ಟಿಕೊಂಡು ಹೊರಟುಹೋದರು.

ಗೋಡೆ ಹೋಯಿತು. ಆಣೆ ಸುಳ್ಳನನ್ನು ಹೆದರಿಸುತ್ತದೆ ಎಂದು ಪುಸ್ತಕದಲ್ಲಿತ್ತು. ನಾನು ಕಂಡ ಮಟ್ಟಿಗೆ ಸುಳ್ಳುಗಾರರು ಕರ್ಪೂರ ಹಚ್ಚಿದ ಕೂಡಲೇ ಗಡಗಡ ಹೇಳಿ ಮುಗಿಸಿ, ವಿಭೂತಿ ಇಟ್ಟುಕೊಂಡು ಮನೆಗೆ ಹೋಗುತ್ತಿದ್ದರು. ಕಾಲು ನಡುಗುತ್ತಿದ್ದದ್ದು ನಿಜ ಹೇಳುವವರಿಗೆ.

ಹಿರಿಯ ಮುನ್ಸೀಫರು ನಿವೃತ್ತರಾದ ಮೇಲೆ ಹೊಸಬರು ಬಂದರು. ಸ್ವಾತಂತ್ರ್ಯ ಬಂದಿತ್ತು. ದೆಹಲಿಯಲ್ಲಿ ಸಂವಿಧಾನ ಬರೆಯುತ್ತಿದ್ದ ಕಾಲ. ಹೊಸ ಮುನ್ಸೀಫರಿಗೆ ಮೂವತ್ತೂ ದಾಟಿರಲಿಲ್ಲ. ಬೊಂಬಾಯಿಯಲ್ಲಿ ಕಾನೂನು ಓದಿದವರು, ಎರಡು ಟ್ರಂಕಿನ ತುಂಬ ಪುಸ್ತಕ ತಂದಿದ್ದರು. ಒಬ್ಬರೇ ಇದ್ದರು. ನ್ಯಾಯಾಧೀಶರು ಊರವರ ಜೊತೆ ಬೆರೆಯಬಾರದೆಂಬ ನಿಯಮದ ದೆಸೆಯಿಂದ ಅವರ ಮನೆಗೆ ಯಾರೂ ಹೋಗುತ್ತಿರಲಿಲ್ಲ. ನನ್ನ ಮನೆಗೆ ಯಾರೂ ಬರದಿರುವುದಕ್ಕೆ ಅಷ್ಟು ಗೌರವದ ಕಾರಣವಿರಲಿಲ್ಲ. ಪರಿಣಾಮ ಒಂದೇ. ಸಂಜೆ ಕೆರೆ ಏರಿಯ ಮೇಲೆ ಅವರು ಮುಂದೆ, ನಾನು ಎರಡು ಹೆಜ್ಜೆ ಹಿಂದೆ ತಿರುಗಾಡುವುದು ರೂಢಿಯಾಯಿತು.

ಅವರು ಕಾನೂನು ಪತ್ರಿಕೆಯೊಂದಕ್ಕೆ ಈ ಆಣೆಯ ಪದ್ಧತಿಯನ್ನೇ ಕುರಿತು ಲೇಖನ ಬರೆಯುತ್ತಿದ್ದರು. ನಂದಗುಡಿಯ ದೇವಿಯ ಗೈರುಹಾಜರಿಯನ್ನು ಕೇಳಿ ಏರಿಯ ಮೇಲೆಯೇ ನಿಂತು ನಕ್ಕರು. ಸಾಹೇಬರ ಗೋಡೆಯ ಕಥೆಗೆ ನಗಲಿಲ್ಲ.

"ನೋಡಿ ಇವರೇ, ಅಲ್ಲಿ ಇಡೀ ದೇಶಕ್ಕೆ ಕಾನೂನು ಬರೀತಿದ್ದಾರೆ. ಪ್ರತಿಯೊಬ್ಬನಿಗೂ ಕಾನೂನು ಒಂದೇ ಅಂತ. ಇಲ್ಲಿ ನಾನು ಹೆದರುವವರಿಗೆ ಒಂದು ಕಾನೂನು, ಹೆದರದವರಿಗೆ ಒಂದು ಕಾನೂನು ನಡೆಸ್ತಿದ್ದೀನಿ. ಇನ್ಮೇಲೆ ನನ್ನ ಕೋರ್ಟಲ್ಲಿ ಆಣೆ ಇಲ್ಲ. ಕಾಯಿದೆ 'ಕಳಿಸಬಹುದು' ಅನ್ನುತ್ತೆ, 'ಕಳಿಸಬೇಕು' ಅನ್ನಲ್ಲ."

ಮನಸ್ಸಿನಲ್ಲೇ ನನ್ನ ಕೂಜಕ್ಕೆ ನಿವೃತ್ತಿ ಕೊಟ್ಟೆ. ಅದು ಹೆಚ್ಚು ದಿನ ನಡೆಯಲಿಲ್ಲ. ತಾಯಮ್ಮನ ಕೇಸು ಬಂತು.

ತಾಯಮ್ಮ ದೊಡ್ಡಬೆಳವಂಗಲದಿಂದ ಒಳಗಿನ ಒಂದು ಹಳ್ಳಿಯವಳು. ಗಂಡ ಸತ್ತಿದ್ದ. ಒಬ್ಬಳು ಚಿಕ್ಕ ಮಗಳು. ಗಂಡನ ಅಣ್ಣ ಮುನಿಯಪ್ಪ ಕೆರೆ ಕೆಳಗಿನ ಗದ್ದೆಯನ್ನು ಬಿಡಿಸಿಕೊಂಡುಬಿಟ್ಟಿದ್ದ. ಗಂಡ ಬದುಕಿದ್ದಾಗಲೇ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗವಾಗಿದ್ದರು, ಒಲೆ ಬೇರೆಯಾಗಿತ್ತು, ಗದ್ದೆ ತನ್ನ ಗಂಡನ ಪಾಲು ಎಂದು ಅವಳ ವಾದ. ಭಾಗವೇ ಆಗಿಲ್ಲ, ನಾವೆಲ್ಲ ಒಂದೇ ಒಲೆ ಎಂದು ಮುನಿಯಪ್ಪನ ವಾದ. ಆಗಿನ ಕಾನೂನಿನಲ್ಲಿ ಈ ಒಂದು ಪ್ರಶ್ನೆಯ ಮೇಲೆ ಎಲ್ಲವೂ ನಿಂತಿತ್ತು. ಭಾಗವಾಗಿದ್ದರೆ ಗದ್ದೆ ಅವಳದು. ಆಗಿಲ್ಲದಿದ್ದರೆ ಮುನಿಯಪ್ಪ ಮತ್ತವನ ಗಂಡುಮಕ್ಕಳದು, ಅವಳಿಗೆ ಭಾವ ಹಾಕಿದ ಹೊಟ್ಟೆಬಟ್ಟೆ. ಊರಲ್ಲಿ ಭಾಗದ ಸಂಗತಿ ಎಲ್ಲರಿಗೂ ಗೊತ್ತಿತ್ತು. ಸಾಕ್ಷಿ ಹೇಳಲು ಒಬ್ಬನೂ ಬರಲಿಲ್ಲ. ಮುನಿಯಪ್ಪನ ಬಾವಿಯಿಂದಲೇ ಅರ್ಧ ಊರಿನ ತರಕಾರಿ ಬೆಳೆಯುತ್ತಿತ್ತು.

ಆಗ ಮುನಿಯಪ್ಪ ಕೋರ್ಟಿನಲ್ಲಿ ಎದ್ದು, "ನಮ್ಮೂರಮ್ಮನ ಮುಂದೆ, ಮಗಳ ತಲೆ ಮೇಲೆ ಕೈ ಮಡಗಿ ಭಾಗ ಆಗೈತೆ ಅಂತ ಅವ್ಳು ಹೇಳ್ಲಿ ಬುದ್ಧಿ, ಗದ್ದೆ ಬಿಟ್ಬಿಡ್ತೀನಿ" ಎಂದ.

ಮುನ್ಸೀಫರ ಮುಖ ಕೆಂಪಾಯಿತು. "ಮಗುವಿನ ಮೇಲೆ ಆಣೆ ಇಡಿಸೋದಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ. ಬೇರೆಯವರಿಗೆ ತಟ್ಟುವ ಆಣೆ ನಡೆಯೋಲ್ಲ. ಅಷ್ಟೇ ಅಲ್ಲ, ನಾನು ಯಾವ ಆಣೆಗೂ ಕಳಿಸೋಲ್ಲ."

ತಾಯಮ್ಮ ಕಟಕಟೆಯ ಪಕ್ಕದಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. "ಹಂಗನ್ಬ್ಯಾಡಿ ಸಾಮಿ. ನನ್ ಕಡೆ ಮಾತಾಡೋರು ಊರಲ್ಲಿ ಒಬ್ರೂ ಇಲ್ಲ. ಇರೋಳು ಅಮ್ಮ ಒಬ್ಳೇ. ಅವ್ಳನ್ನೂ ಬ್ಯಾಡ ಅಂದ್ಬುಟ್ರೆ ನಾನ್ ಯಾರನ್ನ ಕರ್ಕಂಡ್ ಬರ್ಲಿ?"

ಮುನ್ಸೀಫರು ಪೆನ್ನು ಎತ್ತಿಕೊಂಡರು. ನಾನು ಬರೆದುಕೊಟ್ಟ ಕರಡಿನಲ್ಲಿ ಮಗುವಿನ ತಲೆಯನ್ನು ಹೊಡೆದುಹಾಕಿ, ಅಮ್ಮನನ್ನು ಉಳಿಸಿ, ಆರ್ಡರಿಗೆ ರುಜು ಹಾಕಿದರು. ಅಂದು ಸಂಜೆ ಏರಿಯ ಮೇಲೆ, "ಬರೆಯೋದೊಂದು, ಮಾಡೋದೊಂದು ಆಯ್ತು ನನ್ನ ಕಥೆ" ಎಂದರು. ನಾನು ಎರಡು ಹೆಜ್ಜೆ ಹಿಂದಿದ್ದುದರಿಂದ ಉತ್ತರ ಕೊಡುವ ಪ್ರಮೇಯ ಬರಲಿಲ್ಲ.

ಗೊತ್ತುಪಡಿಸಿದ ದಿನ ಕೂಜ ತುಂಬಿಸಿಕೊಂಡು ಹೋದೆ. ಗುಡಿ ಖಾಲಿ. ಈ ಸಲ ಅಮ್ಮ ನೆಂಟರೂರಿಗೆ ಹೋಗಿರಲಿಲ್ಲ. ಆ ಊರಿನಲ್ಲಿ ಊರಮ್ಮನ ಪೆಟ್ಟಿಗೆ ಸರದಿಯ ಮೇಲೆ ಒಂದೊಂದು ವರ್ಷ ಒಂದೊಂದು ಮನೆಯಲ್ಲಿರುವುದು ಪದ್ಧತಿ. ಆ ವರ್ಷದ ಸರದಿ ಮುನಿಯಪ್ಪನ ಮನೆಯದು! ಅವನು ಸವಾಲು ಹಾಕಿದ್ದರ ಗುಟ್ಟು ಆಗ ತಿಳಿಯಿತು. ಗದ್ದೆ ಕಿತ್ತುಕೊಂಡವನ ಮನೆಯ ಹೊಸಿಲನ್ನು ತಾಯಮ್ಮ ತುಳಿಯಲಾರಳು, ತುಳಿದರೂ ಬಾಯಿ ಬರದು ಎಂದು ಅವನ ಲೆಕ್ಕಾಚಾರ. ನನ್ನ ಆರ್ಡರಿನಲ್ಲೋ 'ದೇವರು ಎಲ್ಲಿದ್ದರೆ ಅಲ್ಲಿ' ಎಂದು ನಾನೇ ಸೇರಿಸಿದ ಮಾತು ಕುಳಿತಿತ್ತು. ನನ್ನ ಸುಧಾರಣೆ ನನ್ನನ್ನೇ ನೋಡಿ ಹಲ್ಲು ಕಿರಿಯಿತು.

ತಾಯಮ್ಮ ಬಂದಳು. ಮಿಂದು, ತಲೆಯ ಮೇಲೆ ಸೆರಗು ಹೊದ್ದಿದ್ದಳು. ಕಾಲು ನಡುಗುತ್ತಿದ್ದದ್ದು ಸೀರೆಯ ಅಂಚಿನಲ್ಲಿ ಕಾಣುತ್ತಿತ್ತು. ಊರೆಲ್ಲ ಸೇರಿತ್ತು, ನನ್ನಿಂದ ಮಾರು ದೂರ ಬಿಟ್ಟು. ಹೊಸಿಲಿನ ಪಕ್ಕದ ಜಗಲಿಯ ಮೇಲೆ ಮುನಿಯಪ್ಪನ ತಾಯಿ ಹನುಮಕ್ಕ ಎಲೆಯಡಿಕೆ ಕುಟ್ಟುತ್ತಾ ಕುಳಿತಿದ್ದಳು. ಸೊಸೆ ಹೊಸಿಲಿಗೆ ಕಾಲಿಡಬೇಕು, ಅಷ್ಟರಲ್ಲಿ ಮುದುಕಿ ಕುಟ್ಟಾಣಿಯನ್ನು ಅಡ್ಡ ಹಿಡಿದಳು.

"ನಿಂತ್ಕಳ್ಳೇ. ಬರಿಗೈಲಿ ಎಲ್ಲಿಗ್ ಬತ್ತಿದ್ದೀಯ? ನಿನ್ ಒಲೆ ಆರತಿ ಎಲ್ಲಿ?"

ಆ ಊರಿನ ಕಟ್ಟಳೆ ಹೀಗಿತ್ತು: ಅಮ್ಮನಿಗೆ ವರ್ಷಕ್ಕೆ ಒಲೆಗೊಂದು ತಂಬಿಟ್ಟಿನಾರತಿ. ಅಮ್ಮ ಒಂದು ಮನೆಯಲ್ಲಿ ನೆಲೆಸಿದಾಗ ಆ ಮನೆಯ ಒಲೆಯವರು ಸುಮ್ಮನೆ ಒಳಗೆ ಹೋಗಬಹುದು. ಬೇರೆ ಒಲೆಯವರು ಮೊದಲ ಸಲ ಬರುವಾಗ ತಮ್ಮ ಆರತಿ ತರಬೇಕು.

"ಅತ್ತೆ, ಆಣೆಗೆ ಬಂದಿವ್ನಿ. ಕೋರ್ಟಿನೋರು ಬಂದವ್ರೆ" ಎಂದಳು ತಾಯಮ್ಮ.

"ಕೋರ್ಟಿನೋರು ಆಮ್ಯಾಕೆ, ಅಮ್ಮ ಮೊದ್ಲು. ಹೋದ್ ವರ್ಸ ಮಗಳ ತಲೆ ಮ್ಯಾಲೆ ಹೊರ್ಸಿ ಕಳಿಸ್ಲಿಲ್ವಾ? ನಮ್ ಒಲೇದು ನಾವ್ ಕೊಟ್ವಿ, ನಿನ್ ಒಲೇದು ನೀನ್ ಕೊಟ್ಟೆ. ಈ ವರ್ಸ ಏನು, ಕೈ ಬೀಸ್ಕಂಡು ಬಂದ್ಬುಡೋದಾ?"

ಗುಂಪಿನಲ್ಲಿ ಯಾರೋ, "ಕೇಳಿಸ್ತೇನ್ಲಾ ಮುನಿಯಪ್ಪ? ನಿಮ್ದು ಒಂದೇ ಒಲೆ ಅಂತಿದ್ಯಲ್ಲ!" ಎಂದ. ನಗೆ ಹಬ್ಬಿತು.

"ಅವ್ವಾ, ಬಾಯ್ ಮುಚ್ಚು ನೀನು!"

"ನಾನ್ಯಾಕ್ಲಾ ಮುಚ್ಲಿ? ಅಮ್ಮ ನಮ್ಮನೇಲಿರೋ ವರ್ಸ ಕಟ್ಲೆ ತಪ್ಪಿದ್ರೆ ಊರು ನಿನ್ ಕೇಳಲ್ಲ, ನನ್ ಕೇಳ್ತದೆ."

ಮುನಿಯಪ್ಪ ನನ್ನ ಕಡೆ ತಿರುಗಿ ಧ್ವನಿ ತಗ್ಗಿಸಿದ. "ಸಾಮಿ, ಅರಳುಮರಳು ಮುದ್ಕಿ. ಅದ್ನೆಲ್ಲ ಬರ್ಕಬ್ಯಾಡಿ. ಆಣೆ ಮಾಡ್ಸಿ ಹೊಂಡಿ."

ತಾಯಮ್ಮ ಹೊಸಿಲಿನಿಂದ ಹಿಂದೆ ಸರಿದಳು. "ನಾನ್ ಆಣೆ ಮಾಡಲ್ಲ ಸಾಮಿ."

ನನಗೆ ಸಾಹೇಬರ ಜೋಡು ನೆನಪಾಯಿತು. "ನೋಡಮ್ಮಾ, ಈಗ ಹೇಳಿಬಿಟ್ಟರೆ ಇವತ್ತೇ ಗದ್ದೆ ನಿನ್ನದು. ಹೇಳದಿದ್ದರೆ ಅವನು ಒಪ್ಪಿಕೊಂಡ ಮಾತೂ ಬಿದ್ದುಹೋಗುತ್ತೆ. ಮತ್ತೆ ಸಾಕ್ಷಿಯಿಂದಲೇ ಗೆಲ್ಲಬೇಕು."

"ಆಗ್ಲಿ. ಅತ್ತೆ ಬಾಯಲ್ಲೇ ಬಂದ್ಮ್ಯಾಲೆ ಅಮ್ಮನ್ನ ಯಾಕ್ ಎಬ್ಬಿಸ್ಲಿ? ಅವ್ಳನ್ನ ಗದ್ದೆಗೋಸ್ಕರ ಕರೆಯೋಕೆ ನಂಗೆ ಮೊದ್ಲಿಂದ್ಲೂ ಮನಸ್ಸಿರ್ಲಿಲ್ಲ."

ಆಣೆಗೆ ನಿರಾಕರಿಸಿದವರ ಕಾರಣವನ್ನು ಬರೆದುಕೊಳ್ಳಬೇಕೆಂದು ಕಾಯಿದೆಯಲ್ಲೇ ಇತ್ತು. ಮುದುಕಿಯ ಮಾತು, ಕುಟ್ಟಾಣಿ ಸಮೇತ, ಅಕ್ಷರಶಃ ಬರೆದುಕೊಂಡೆ.

ಮುನ್ಸೀಫರು ಆ ವರದಿಯನ್ನು ಓದಿ ಹನುಮಕ್ಕನಿಗೆ ಕೋರ್ಟಿನ ಪರವಾಗಿಯೇ ಸಮನ್ಸು ಕಳಿಸಿದರು. ಅವಳು ಮುನಿಯಪ್ಪನ ಗಾಡಿಯಲ್ಲೇ ಬಂದಳು. ದಾರಿಯುದ್ದಕ್ಕೂ ಅವನು ಏನು ಹೇಳಿಕೊಟ್ಟನೋ ನನಗೆ ತಿಳಿಯದು. ಕಟಕಟೆಯೊಳಗೆ ನಿಂತವಳಿಗೆ ನಾನು ಮಾಮೂಲಿ ಪ್ರಮಾಣ ಬೋಧಿಸಿದೆ. ಮುನಿಯಪ್ಪ ಎದುರಿನ ಬೆಂಚಿನ ತುದಿಯಲ್ಲಿ ಕುಳಿತು ತಾಯಿಯನ್ನೇ ನೋಡುತ್ತಿದ್ದ. ಅವನ ವಕೀಲರು ಅವಳಿಂದ 'ಭಾಗ' ಎಂಬ ಮಾತು ಹೊರಡದಂತೆ ತಡೆಯಲು ಅರ್ಧ ಎದ್ದೇ ನಿಂತಿದ್ದರು. ಹುಡುಗರೇ, ಇಲ್ಲಿ ಗಮನಿಸಿ. ಮುನ್ಸೀಫರು ಭಾಗದ ಸುದ್ದಿಯನ್ನೇ ಎತ್ತಲಿಲ್ಲ.

"ಅಜ್ಜಿ, ನಿಮ್ಮ ಮಕ್ಕಳಿಬ್ಬರ ಕಡೆಯಿಂದ ಊರಮ್ಮನಿಗೆ ಎಷ್ಟು ಆರತಿ ಹೋಗ್ತಿತ್ತು?" ಎಂದು ಕೇಳಿದರು.

ಹನುಮಕ್ಕ ಮಗನ ಕಡೆ ನೋಡಿದಳು. ತಾಯಮ್ಮ ಬಾಗಿಲ ಬಳಿ ಮಗಳ ಭುಜ ಹಿಡಿದು ನಿಂತಿದ್ದಳು.

"ಇವ್ನ ಮನೆ ಇಟ್ಟು ಉಂಡ್ಕಂಡಿವ್ನಿ ಬುದ್ಧಿ" ಎಂದಳು ಮುದುಕಿ. "ಇವತ್ತು ಮನೆಗ್ ಹೋದ್ರೆ ಇಟ್ಟು ಇಕ್ತಾನೋ ಇಲ್ವೋ ಗೊತ್ತಿಲ್ಲ. ಆದ್ರೆ ಆರತಿ ಇವ್ನದಲ್ಲ, ಅಮ್ಮಂದು. ಎಲ್ಡು ಹೋಗ್ತಿತ್ತು. ಚಿಕ್ಕೋನು ಬದುಕಿದ್ದಾಗ್ಲೇ ಎಲ್ಡಾಗಿದ್ದು. ಒಲೆ ಎಲ್ಡಾದ್ಮ್ಯಾಲೆ ಒಂದೇ ಆರತಿ ಕೊಡಕ್ಕಾಯ್ತದಾ?"

ವಕೀಲರು ಕುಳಿತುಕೊಂಡರು. ಅವತ್ತು ಮುದುಕಿ ಮಗನ ಗಾಡಿ ಹತ್ತಲಿಲ್ಲ. ಅಥವಾ ಮಗ ಹತ್ತಿಸಿಕೊಳ್ಳಲಿಲ್ಲ.

ತೀರ್ಪು ತಾಯಮ್ಮನ ಕಡೆಗಾಯಿತು. ಅದರ ಎಳೆಯನ್ನೇ ಹಿಡಿದು ಮುನ್ಸೀಫರು ಲೇಖನ ಮುಗಿಸಿದರು. ದೇವರನ್ನು ಸಾಕ್ಷಿಗೆ ಕರೆಯುವ ಬದಲು ಜನ ದಿನವೂ ಹೇಗೆ ಬದುಕುತ್ತಾರೆಂದು ಕೇಳುವುದನ್ನು ನ್ಯಾಯಾಲಯಗಳು ಕಲಿಯಬೇಕು ಎಂದು ಅದರ ಕೊನೆಯಲ್ಲಿ ಬರೆದಿದ್ದರು. ಅಚ್ಚಾದ ಪ್ರತಿಯನ್ನು ನನಗೆ ಕೊಟ್ಟರು. ಅದರಲ್ಲಿ ನಾನು 'ಕಮಿಷನರ್' ಎಂಬ ಒಂದು ಪದವಾಗಿ ಒಂದು ಕಡೆ ಬಂದಿದ್ದೆ. ಸ್ವಲ್ಪ ಕಾಲದಲ್ಲೇ ಅವರಿಗೆ ವರ್ಗವಾಯಿತು. ಏರಿಯ ಮೇಲೆ ಕೆಲವು ದಿನ ಒಬ್ಬನೇ ತಿರುಗಾಡಿದೆ. ಮುಂದೆ ಯಾರೂ ಇಲ್ಲದಿದ್ದರೂ ಎರಡು ಹೆಜ್ಜೆ ಹಿಂದೆಯೇ ನಡೆಯುತ್ತಿದ್ದೆನೆಂದು ತೋರುತ್ತದೆ. ಆ ಕಾನೂನು ರದ್ದಾಗಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಅಷ್ಟು ಹೊತ್ತಿಗೆ ನನ್ನ ಕೂದಲು ಬೆಳ್ಳಗಾಗಿತ್ತು.

ಹೇಳಬೇಕಾದದ್ದು ಇನ್ನೊಂದಿದೆ. ಮುನ್ಸೀಫರು ಹೊರಡುವ ಮುಂಚೆ, ಆ ಗದ್ದೆಯ ಎಲ್ಲೆ ಗುರುತಿಸಲು ಕೋರ್ಟಿನ ಅಮೀನನ ಜೊತೆ ನನ್ನನ್ನೂ ಕಳಿಸಿದ್ದರು. ಕೆಲಸ ಮುಗಿದಾಗ ಬಿಸಿಲು ನೆತ್ತಿಗೇರಿತ್ತು. ಅಮೀನ ಪಟೇಲರ ಮನೆಗೆ ಊಟಕ್ಕೆ ಹೋದ. ನನ್ನನ್ನು ಕರೆಯುವ ಪ್ರಶ್ನೆಯಿರಲಿಲ್ಲ, ನಾನೂ ಕಾಯಲಿಲ್ಲ. ಹೊರಟವನು ತಾಯಮ್ಮನ ಗುಡಿಸಲಿನ ಮುಂದೆ ಹಾಯಬೇಕಾಯಿತು. ಬಾಗಿಲಲ್ಲಿ ಹನುಮಕ್ಕ ಕುಟ್ಟಾಣಿ ಹಿಡಿದು ಕುಳಿತಿದ್ದಳು. ಈಗ ಅವಳ ವಾಸ ಅಲ್ಲೇ.

"ಏನ್ ಕೋರ್ಟಯ್ಯ, ಹಂಗೇ ಹೋಯ್ತಿದ್ದೀಯ? ಬಾ, ನೀರಾದ್ರೂ ಕುಡಿ. ತಾಯಿ, ನೀರ್ ತತ್ತಾ" ಎಂದು ಒಳಗೆ ಕೂಗಿದಳು.

ಕೈ ತಾನಾಗಿ ಕೂಜದ ಮುಚ್ಚಳ ತಿರುಗಿಸಿತು. "ಇದೆಯಮ್ಮ, ನನ್ನ ನೀರು ನನ್ನ ಹತ್ತಿರವೇ ಇದೆ" ಎಂದೆ.

"ನಮ್ ಮನೇಲಿ ನೀನು ಆಣೆ ಮಾಡಿಸ್ಲಿಲ್ವಲ್ಲಪ್ಪ. ಮತ್ಯಾಕ್ ನಿನ್ ನೀರು?"

ತಾಯಮ್ಮ ಚೊಂಬು ಹಿಡಿದು ಹೊರಗೆ ಬಂದಳು. ನನ್ನನ್ನೂ ಕೂಜವನ್ನೂ ಒಮ್ಮೆ ನೋಡಿದಳು. ಚೊಂಬನ್ನು ಜಗಲಿಯ ಮೇಲಿಟ್ಟು, ನನ್ನ ಕೈಯಿಂದ ಕೂಜ ತೆಗೆದುಕೊಂಡಳು. ಬಸ್ಸಿನ ಬಿಸಿಗೂ ಬಿಸಿಲಿಗೂ ಕಾದಿದ್ದ ನೀರನ್ನು ಚಪ್ಪರದ ಕುಂಬಳದ ಬುಡಕ್ಕೆ ಚೆಲ್ಲಿದಳು. ಒಳಗೆ ಹೋಗಿ ತನ್ನ ಮಡಕೆಯಿಂದ ತುಂಬಿಸಿ ತಂದು ಕೊಟ್ಟಳು.

"ಈಗ ಕುಡೀರಿ" ಎಂದಳು.

ಜಗಲಿಯ ಮೇಲೆ ಕುಳಿತು ಕುಡಿದೆ. ತಣ್ಣಗಿತ್ತು.